ದಾನಿಯ ಹೆಸರು ಕೇಳುವುದು ಅಪ್ಪನನ್ನು ಬಿಟ್ಟುಕೊಡುವುದಲ್ಲ

ನಾನು ದಾನಿಯ ವೀರ್ಯದಿಂದ ಹುಟ್ಟಿದವಳು. ದೊಡ್ಡವಳಾದ ಮೇಲೆ ಅಮ್ಮನೇ ಹೇಳಿದಳು. ದಾನಿ ಯಾರು ಅಂತ ತಿಳಿದುಕೊಳ್ಳಬೇಕು ಅಂದರೆ, "ಅಪ್ಪ ಇದ್ದಾರಲ್ಲ, ಇನ್ನೊಬ್ಬರು ಯಾಕೆ?" ಅಂತ ಕೇಳುತ್ತಾರೆ. ಅಪ್ಪ ಇದ್ದಾರೆ. ನನ್ನ ಮೊದಲ ಸಂಬಳದ ದಿನ ನನಗಿಂತ ಜಾಸ್ತಿ ಖುಷಿಪಟ್ಟವರು ಅವರು. ಆ ಜಾಗ ಖಾಲಿ ಇಲ್ಲ.

ನನಗೆ ಬೇಕಿರುವುದು ಮಾಹಿತಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇತ್ತಾ ಅಂತ ಡಾಕ್ಟರ್ ಕೇಳಿದಾಗೆಲ್ಲ ಅಪ್ಪನ ಕಡೆಯ ಅಜ್ಜನ ಬಿಪಿ, ಅತ್ತೆಯ ಥೈರಾಯ್ಡ್ ಎಲ್ಲ ಹೇಳುತ್ತಿದ್ದೆ. ಅದ್ಯಾವುದೂ ನನಗೆ ಸಂಬಂಧಿಸಿದ್ದಲ್ಲ. ದಾನಕ್ಕೆ ಮೊದಲು ಪರೀಕ್ಷೆ ಮಾಡಿರುತ್ತಾರೆ, ನಿಜ. ಆದರೆ ವಯಸ್ಸಾದ ಮೇಲೆ ಬರುವ ಕಾಯಿಲೆ ಆ ಹಳೆಯ ಹಾಳೆಯಲ್ಲಿ ಎಲ್ಲಿಂದ ಇರಬೇಕು?

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನರೆಲ್ ಗ್ರೆಚ್ ಅನ್ನುವವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಕರುಳಿನ ಕ್ಯಾನ್ಸರ್ ಆಗಿತ್ತು. ಅದೇ ದಾನಿಯಿಂದ ಹುಟ್ಟಿದ ಉಳಿದವರನ್ನು ಎಚ್ಚರಿಸಬೇಕು ಅನ್ನುವುದು ಅವರ ಸಂಕಟ. ಕೊನೆಗೂ ದಾನಿಯನ್ನು ಕಂಡರು, ಸ್ವಲ್ಪ ದಿನಕ್ಕೇ, 2013ರಲ್ಲಿ, ತೀರಿಕೊಂಡರು. ಅವರಿಗಿನ್ನೂ 30 ವರ್ಷ. ಅಲ್ಲಿ 2017ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾನೂನು, ಗುಟ್ಟಾಗಿಡುತ್ತೇವೆ ಅಂತ ಮಾತು ಪಡೆದಿದ್ದ ಹಳೆಯ ದಾನಿಗಳ ವಿವರವನ್ನೂ ಮಕ್ಕಳಿಗೆ ತೆರೆಯಿತು. ಭೇಟಿ, ಫೋನು ಬೇಡ ಅನ್ನುವ ದಾನಿಗೆ ಅದನ್ನು ತಡೆಯುವ ಹಕ್ಕನ್ನೂ ಇಟ್ಟಿತು. ಇದು ನನಗೆ ಸರಿ ಅನ್ನಿಸುತ್ತದೆ. ಹೆಸರು ಗೊತ್ತಾದ ಮಾತ್ರಕ್ಕೆ ಯಾರೂ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ ಅಲ್ವಾ?

ದಾನಿ ಯಾರು ಅಂತ ತಿಳಿದುಕೊಳ್ಳುವ ಹಕ್ಕನ್ನು ಸ್ವೀಡನ್ 1985ರಲ್ಲೇ ಕೊಟ್ಟಿತು. ಬ್ರಿಟನ್ 2005ರ ಏಪ್ರಿಲ್ 1ರಿಂದ ಹೊಸ ದಾನಿಗಳ ಗುಟ್ಟನ್ನು ನಿಲ್ಲಿಸಿತು; ಮಗುವಿಗೆ 18 ತುಂಬಿದ ಮೇಲೆ ಹೆಸರು ಕೇಳಬಹುದು. ಅದಕ್ಕೂ ಮುಂಚೆ ದಾನ ಕೊಟ್ಟವರ ಹೆಸರು, ಅವರಾಗಿ ಒಪ್ಪದಿದ್ದರೆ, ಸಿಗುವುದಿಲ್ಲ. ಒಂದೇ ನೋವಿಗೆ ತಾರೀಖು ನೋಡಿ ಔಷಧಿ ಕೊಟ್ಟ ಹಾಗೆ.

ಗುಟ್ಟಿನ ಮಾತು ಆಗಿದ್ದು ದೊಡ್ಡವರ ನಡುವೆ. ನಾನಿನ್ನೂ ಹುಟ್ಟಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.

"ಇದನ್ನು ಮರೆತುಬಿಡಿ" ಅಂದಿದ್ದರಂತೆ ಕ್ಲಿನಿಕ್‌ನವರು. ಅಮ್ಮ ಕಾಗದಗಳನ್ನು ಎಸೆದಳು. ಅಲ್ಲಿ ಹೋಗಿ ಕೇಳಿದರೆ ಹಳೆಯ ಫೈಲು ಇಲ್ಲ ಅಂದರು. ದಾನಿಯ ಸಹಾಯದಿಂದ ಮಗು ಪಡೆಯುತ್ತಿರುವವರೇ, ದಯವಿಟ್ಟು ದಾನಿಯ ನಂಬರ್, ಚಿಕಿತ್ಸೆಯ ತಾರೀಖು, ಡಾಕ್ಟರ ಹೆಸರು, ಎಲ್ಲ ಜೋಪಾನ ಮಾಡಿ. ಮಗುವಿಗೆ ಚಿಕ್ಕಂದಿನಲ್ಲೇ ಹೇಳಿ.