ಕೆಂಪು ಶಾಯಿ ಬಿದ್ದ ಕಾರ್ಡು

ನೇರಳೆ ಮರದ ಕೊಂಬೆಗೆ ತಂತಿಯಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡೇ ನಮ್ಮ ಹಾಸ್ಟೆಲಿನ ಗಂಟೆ. ಬೆಳಗಿನ ಐದಕ್ಕೆ ಕಾವಲಿನ ತಾತ ಅದನ್ನು ಸುತ್ತಿಗೆಯಲ್ಲಿ ಬಾರಿಸಿದಾಗ, ಮೊದಲ ವಾರವೆಲ್ಲ ನಾನು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಎದ್ದು ಕೂರುತ್ತಿದ್ದೆ. ಎರಡನೆಯ ವಾರದಿಂದ ಅದು ಕಿವಿಗೆ ಬೀಳುವುದೇ ನಿಂತಿತು. ತೊಂದರೆ ಶುರುವಾದದ್ದು ಆಗಲೇ. ಹತ್ತು ನಿಮಿಷದೊಳಗೆ ಹಾಸಿಗೆ ಸುತ್ತಿಡದವಳಿಗೆ ಅಂದು ಬಿಸಿನೀರಿಲ್ಲ.

ಸಂಚಿಕೆಯವರು ಸವಿನೆನಪುಗಳನ್ನು ಬರೆಯಿರಿ ಎಂದಿದ್ದಾರೆ. ಸವಿಯಾದದ್ದನ್ನಷ್ಟೇ ಬರೆದರೆ ಅರ್ಧ ಪುಟಕ್ಕೆ ಮುಗಿಯುತ್ತದೆ. ಹಾಗಾಗಿ ಒಗರನ್ನೂ ಸೇರಿಸಿಕೊಂಡಿದ್ದೇನೆ.

1989ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಬಂದು ಸೇರಿದೆ. ಮಂಡ್ಯದಿಂದ ಮೈಸೂರಿಗೆ ಇರುವುದು ನಲವತ್ತೈದು ಕಿಲೋಮೀಟರು. ಅಪ್ಪನಿಗೆ ಅದೊಂದು ದೂರವೇ ಅಲ್ಲ. ನನಗೆ ಮಾತ್ರ ಬೇರೆ ದೇಶಕ್ಕೆ ಬಂದಂತಾಗಿತ್ತು. ನಲವತ್ತು ಹುಡುಗಿಯರಿಗೆ ಒಂದೇ ತಾಮ್ರದ ಹಂಡೆ. ತಲೆಗೊಂದು ಬಕೆಟ್ಟು ಬಿಸಿನೀರು, ಮಂಗಳವಾರ ಮತ್ತು ಶುಕ್ರವಾರ ಎಣ್ಣೆ ಸ್ನಾನಕ್ಕೆ ಒಂದೂವರೆ. ಈ ಅರ್ಧ ಬಕೆಟ್ಟಿಗಾಗಿ ನಡೆದ ಜಗಳಗಳನ್ನು ಬರೆಯಲು ಹೊರಟರೆ ಅದೇ ಒಂದು ಕುರುಕ್ಷೇತ್ರ. ಸೀಗೆಪುಡಿ ಹಾಕಿ ತೊಳೆದ ಕೂದಲನ್ನು ಹಿತ್ತಲಲ್ಲಿಯೇ ಒಣಗಿಸಬೇಕು. ಬಿಚ್ಚುಗೂದಲಲ್ಲಿ ಮುಂದಿನ ಅಂಗಳಕ್ಕೆ ಕಾಲಿಡುವಂತಿಲ್ಲ. ಎರಡು ಜಡೆ, ಮಡಿಸಿ ಕಟ್ಟಿದ ರಿಬ್ಬನ್ನು. ಶನಿವಾರ ಬಿಳಿ ಕ್ಯಾನ್ವಾಸ್ ಶೂ. ಪಾಲಿಶ್ ಮುಗಿದಿದ್ದರೆ ತರಗತಿಯಿಂದ ಸೀಮೆಸುಣ್ಣ ತಂದು ಉಜ್ಜುತ್ತಿದ್ದೆವು. ನಡೆದಾಗ ಹಿಂದೆ ಬಿಳಿ ಧೂಳು ಉದುರುತ್ತಿತ್ತು.

ವಾರಕ್ಕೆ ಮೂರು ದಿನ ಮುದ್ದೆ. ಆ ಮೂರು ದಿನ ನಾವು ಮಂಡ್ಯದವರೇ ದೊರೆಗಳು. ಕೊಡಗಿನಿಂದ ಬಂದಿದ್ದ ಒಬ್ಬ ಹುಡುಗಿ ಮೊದಲ ದಿನ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದಳು. ಇಡೀ ಸಾಲು ಕೈ ನಿಲ್ಲಿಸಿ ನೋಡಿತು. ಪಾಪ, ಅದು ಹಲ್ಲಿಗೂ ಅಂಗುಳಿಗೂ ಮೆತ್ತಿಕೊಂಡು ಅವಳ ಕಣ್ಣಲ್ಲಿ ನೀರು. ಮುರಿದು, ಉರುಟಿ, ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಲು ನನಗೆ ಹದಿನೈದು ದಿನ ಹಿಡಿಯಿತು. ಸಾರು ಬರೀ ನೀರಾಗಿರುತ್ತಿದ್ದುದರಿಂದ ನುಂಗುವುದಕ್ಕೇನೋ ಸುಲಭವಾಗಿತ್ತು!

ತಿಂಗಳ ಮೂರನೆಯ ಭಾನುವಾರ ಮನೆಯವರು ಬರುವ ದಿನ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ತಂದ ಕೋಡುಬಳೆ, ಚಕ್ಕುಲಿ, ರವೆ ಉಂಡೆಗಳೆಲ್ಲ ಉಗ್ರಾಣಕ್ಕೆ ಹೋಗಿ, ಮರುದಿನದಿಂದ ಎಲ್ಲರಿಗೂ ಹಂಚಿಕೆಯಾಗಬೇಕು. ಯಾರೂ ಬಾರದ ಹುಡುಗಿಯರ ಮುಂದೆ ಡಬ್ಬಿ ಬಿಚ್ಚಬಾರದು ಎಂಬುದು ಕಾರಣ. ಒಳ್ಳೆಯ ಕಾರಣವೇ. ಆದರೂ ಒಮ್ಮೆ ಅಪ್ಪ ಆಲೆಮನೆಯಿಂದ ನೇರ ತಂದಿದ್ದ ಅಚ್ಚು ಬೆಲ್ಲವನ್ನು ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಲಂಗದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದೆ.

ಮೂರನೆಯ ರಾತ್ರಿ ದೀಪ ಆರಿಸಲು ಬಂದ ವಾರ್ಡನ್ ಮೇಡಂ ಬಾಗಿಲಲ್ಲೇ ನಿಂತರು. ಟಾರ್ಚಿನ ಬೆಳಕು ಕಿಟಕಿಯ ಚೌಕಟ್ಟಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿದು ಮಂಚದ ಕಾಲುಗಳ ನಡುವೆ ನುಸುಳಿ ಸಾವಕಾಶವಾಗಿ ನನ್ನ ಟ್ರಂಕಿನ ಬಳಿಗೆ ಬಂತು. ಅದರ ಜೊತೆಯಲ್ಲೇ ನೂಲು ಹಿಡಿದಂತೆ ಕಪ್ಪಿರುವೆಯ ಸಾಲು. “ತೆಗೆಯಮ್ಮ” ಎಂದರು, ಅಷ್ಟೇ. ಬೆಲ್ಲ ಉಗ್ರಾಣ ಸೇರಿತು. ಶಿಕ್ಷೆಯಾಗಿ ಒಂದು ವಾರ ಅಡುಗೆಮನೆಯಲ್ಲಿ ಅವರೆಕಾಳು ಹಿತಕುವ ಕೆಲಸ. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಹೋಗಿ ಎದುರು ಕುಳಿತ ಅಡುಗೆ ಅಜ್ಜಿಯ ಮಡಿಲಿಗೆ ಬೀಳುತ್ತಿತ್ತು. ಬೆರಳಿಗೆ ಅಂಟಿದ ಅವರೆಯ ಸೊಗಡು ತರಗತಿಯಲ್ಲಿ ಕೈ ಎತ್ತಿದಾಗಲೂ ಮೂಗಿಗೆ ಬಡಿಯುತ್ತಿತ್ತು.

ನಾನು ಇಂದಿಗೂ ಒಪ್ಪದ ನಿಯಮವೆಂದರೆ ಕಾಗದದ್ದು. ಭಾನುವಾರ ಊಟವಾದ ಮೇಲೆ ಮನೆಗೆ ಬರೆಯಬೇಕು. 15 ಪೈಸೆಯ ಕಾರ್ಡಾದರೆ ಸರಿ, ಇನ್‌ಲ್ಯಾಂಡ್ ಆದರೆ ಅಂಟಿಸದೆ ಕೊಡಬೇಕು. ವಾರ್ಡನ್ ಮೇಡಂ ಓದಿದ ನಂತರವೇ ಅದು ಅಂಚೆಗೆ. ಬರುವ ಕಾಗದಗಳೂ ಒಡೆದೇ ಬರುತ್ತಿದ್ದವು. ಹುಡುಗಿಯರ ಜವಾಬ್ದಾರಿ ದೊಡ್ಡದು, ಊರೂರಿನಿಂದ ಅಪ್ಪಂದಿರು ನಂಬಿ ಬಿಟ್ಟಿದ್ದಾರೆ ಎಂಬುದೆಲ್ಲ ನನಗೂ ಗೊತ್ತು. ಈಗ ನಾನೇ ಇಬ್ಬರು ಹೆಣ್ಣುಮಕ್ಕಳ ತಾಯಿ. ಆದರೂ ಆ ಜನವರಿಯಲ್ಲಿ, ಮೂರನೆಯ ಭಾನುವಾರ ಕಳೆದ ಎರಡು ದಿನಕ್ಕೆ ನಾನು ಮೈನೆರೆದಾಗ, ಅಮ್ಮನಿಗೆ ಅದನ್ನು ಬರೆಯಲು ಕೈ ಬರಲಿಲ್ಲ. ನಮ್ಮ ಮನೆಗೆ ಕಾಗದ ಬಂದರೆ ಓದುವವನು ಅಪ್ಪ. ಅವನಿಗಿಂತ ಮೊದಲು ಮೇಡಂ ಬೇರೆ. ಇಬ್ಬರನ್ನು ದಾಟಿ ಅಮ್ಮನನ್ನು ಮುಟ್ಟುವ ಮಾತು ಅದಲ್ಲ. “ಇಲ್ಲಿ ಎಲ್ಲರೂ ಕ್ಷೇಮ” ಎಂದು ಬರೆದು ಕೊಟ್ಟೆ. ಅಮ್ಮನಿಗೆ ಗೊತ್ತಾದದ್ದು ನಾಲ್ಕು ವಾರಗಳ ಮೇಲೆ. ಊರಿನಲ್ಲಾಗಿದ್ದರೆ ಒಸಗೆ ಮಾಡಿ, ಆರತಿ ಎತ್ತಿ ಹಾಡುತ್ತಿದ್ದರು ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಡುಗೆ ಅಜ್ಜಿಗೆ ಮಾತ್ರ ಅದೇ ದಿನ ಸುದ್ದಿ ಮುಟ್ಟಿತ್ತು. ರಾತ್ರಿ ಊಟದ ಹೊತ್ತಿಗೆ ನನ್ನನ್ನು ಒಲೆಯ ಪಕ್ಕಕ್ಕೆ ಕರೆದು ಕೈಗೆ ಎರಡು ಚಿಗಳಿ ಉಂಡೆ ಇಟ್ಟರು. ಎಳ್ಳು ಬೆಲ್ಲ ಕುಟ್ಟಿದ ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಗೊತ್ತಾಯಿತು, ಅದು ನಮ್ಮ ಆಲೆಮನೆಯ ಬೆಲ್ಲ. ಉಗ್ರಾಣದ ಬೀಗದ ಕೈ ಅಜ್ಜಿಯ ಹತ್ತಿರ ಇರುತ್ತಿರಲಿಲ್ಲ. ಅದು ಸದಾ ಮೇಡಂ ಅವರ ಸೊಂಟದಲ್ಲಿ ಇರುತ್ತಿತ್ತು.

ಎಸ್‌ಎಸ್‌ಎಲ್‌ಸಿ ವರ್ಷದ ಡಿಸೆಂಬರನ್ನೂ ಹೇಳಬೇಕು. 1991ರಲ್ಲಿ, ತಮಿಳುನಾಡಿಗೆ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಗಲಾಟೆ ಹೊತ್ತಿಕೊಂಡಾಗ ನಮ್ಮ ಕಡೆಯ ಬಸ್ಸುಗಳು ನಿಂತವು. ಆ ಮೂರನೆಯ ಭಾನುವಾರ ಯಾರ ಮನೆಯವರೂ ಬರಲಿಲ್ಲ. ನೀರಿನ ವಿಷಯ ಬಂದರೆ ನಾವು ಮಂಡ್ಯದ ಹುಡುಗಿಯರ ಬಾಯಿಯೂ ಬಿಸಿಯಾಗಿಯೇ ಇತ್ತು. ಮನೆಯಲ್ಲಿ ತಮಿಳು ಮಾತನಾಡುವ ಹುಡುಗಿಯೊಬ್ಬಳು ನಮ್ಮ ಕೋಣೆಯಲ್ಲಿದ್ದಳು. ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ನಾವು ಅದನ್ನು ಗಮನಿಸಿರಲೂ ಇಲ್ಲ. ಸಂಜೆ ಮೇಡಂ ಬಂದು ಅವಳ ಮಂಚದ ಒಂದು ತುದಿಯನ್ನು ತಾವೇ ಹಿಡಿದರು, ಇನ್ನೊಂದು ತುದಿಯನ್ನು ನನ್ನಿಂದ ಹಿಡಿಸಿದರು. ತಮ್ಮ ಕೋಣೆಯೊಳಗೆ ಹಾಕಿಸಿಕೊಂಡರು. ಕಾರಣ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಜನವರಿಯಲ್ಲಿ ಮಂಚ ಹಿಂದಿರುಗಿ ಬಂತು.

ಹೋದ ವರ್ಷ ಅಪ್ಪ ತೀರಿಕೊಂಡ. ಪಹಣಿ, ಕಬ್ಬಿನ ತೂಕದ ಚೀಟಿಗಳ ನಡುವೆ ನನ್ನದೊಂದು ಕಾರ್ಡು ಸಿಕ್ಕಿತು. ಸೇರಿದ ಮೊದಲ ತಿಂಗಳಲ್ಲಿ ಬರೆದದ್ದು. “ಧಿನವೂ ಸಾರು ನೀರಾಗಿರುತ್ತದೆ” ಎಂದು ಧೈರ್ಯವಾಗಿಯೇ ದೂರಿದ್ದೇನೆ. ಮೇಡಂ ಅವರ ಕೆಂಪು ಶಾಯಿ ‘ಧಿ’ಯನ್ನು ಸುತ್ತುಹಾಕಿ, ಮೇಲೆ ‘ದಿ’ ಎಂದು ತಿದ್ದಿದೆ. ಸಾರಿನ ದೂರನ್ನು ಮುಟ್ಟಿಲ್ಲ.

ಆ ಕಾರ್ಡು ಜೇಬಿನಲ್ಲಿಟ್ಟುಕೊಂಡೇ ಅಪ್ಪ ಮುಂದಿನ ಮೂರನೆಯ ಭಾನುವಾರ ಬಂದಿದ್ದ. ವರಾಂಡದಲ್ಲಿ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, “ಸಾರು ಈಗ ಸ್ವಲ್ಪ ಗಟ್ಟಿಯಾಗಿದೆಯೇ ಅಮ್ಮಾವರೇ?” ಎಂದು ಕೇಳಿದ.

“ಮಹಾಪ್ರಾಣ ಸರಿಹೋಗಿದೆ ಗೌಡರೇ” ಎಂದರು ಮೇಡಂ.

ಸಾರು ನಾನು ಹಾಸ್ಟೆಲು ಬಿಡುವವರೆಗೂ ನೀರಾಗಿಯೇ ಇತ್ತು.