ಕಲ್ಲಿನಡಿಯ ಮೀನಿಗೆ ಹೆಸರಿಡುವ ಮುನ್ನ

ಮುಂಗಾರು ಹಿಡಿದು, ಹೊಸ ನೀರಿಗೆ ಎದುರಾಗಿ ಮೇಲೇರಿ ಬರುವ ಹತ್ತುಮೀನು ಏರುವಾಗ ಮಲೆನಾಡಿನಲ್ಲಿ ಎಲ್ಲರ ಕಣ್ಣೂ ಹಳ್ಳದ ಮೇಲೆಯೇ. ಆದರೆ ಹೊಸ ಪ್ರಭೇದ ಹುಡುಕಲು ಅದು ಕಾಲವಲ್ಲ. ಕೆಂಪು ನೀರಿನಲ್ಲಿ ಬಂದ ಮೀನು ಯಾವ ಮಡುವಿನದೆಂದು ಹೇಳುವುದು ಹೇಗೆ? ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನೀರು ತಿಳಿಯಾಗಿ ಮೊಣಕಾಲುದ್ದಕ್ಕೆ ಇಳಿದಿರುತ್ತದೆ. ಆಗ ಕಲ್ಲು ಮಗುಚಿದರೆ ಬೆರಳುದ್ದದ, ಮೈತುಂಬ ಪಟ್ಟೆಗಳ, ಬಾಯಿಯ ಸುತ್ತ ಮೂರು ಜೊತೆ ಮೀಸೆಯ ಶಿಸ್ಟುರಾ ಕುಲದ ಮೀನುಗಳು ಸಿಗುತ್ತವೆ. 2006ರಲ್ಲಿ ಶರಾವತಿ ಕಣಿವೆಯಿಂದ ಶಿಸ್ಟುರಾ ನಾಗೋಡಿಯೆನ್ಸಿಸ್ ಮತ್ತು ಶಿಸ್ಟುರಾ ಶರಾವತಿಯೆನ್ಸಿಸ್ ಎಂಬ ಎರಡು ಪ್ರಭೇದಗಳ ವಿವರಣೆ ಒಟ್ಟಿಗೇ ಹೊರಬಂದದ್ದು ಇಂಥ ಕಲ್ಲುಹಳ್ಳಗಳ ಹುಡುಕಾಟದಿಂದಲೇ.

ಹಿಡಿಯುವ ಮೊದಲೇ ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಬೇಕು. ಹಿಡಿದ ಮೇಲೆ ಮೊದಲ ಒಂದು ಗಂಟೆಯೇ ಮುಖ್ಯ, ಹೆಚ್ಚಿನ ಕೆಲಸ ಕೆಡುವುದೂ ಅಲ್ಲೇ. ಜೀವಂತ ಮೀನನ್ನು ಹೊಳೆಯ ನೀರು ತುಂಬಿದ ಸಣ್ಣ ಗಾಜಿನ ತೊಟ್ಟಿಗೆ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎಡಮಗ್ಗುಲಿನ ಫೋಟೊ ತೆಗೆಯಿರಿ. ಸತ್ತ ಕೆಲವೇ ನಿಮಿಷಗಳಲ್ಲಿ ಬಣ್ಣ ಮಾಸುತ್ತದೆ. ಬಳಿಕ ಬಲಮಗ್ಗುಲಿನ ಮಾಂಸದ ಚೂರನ್ನೋ ರೆಕ್ಕೆಯ ತುದಿಯನ್ನೋ ಕತ್ತರಿಸಿ 95 ಪ್ರತಿಶತ ಎಥನಾಲ್‌ಗೆ, ಅಂದರೆ ಆಲ್ಕೋಹಾಲ್‌ಗೆ, ಹಾಕಿ. ಇದು ಮೀನನ್ನು ಕೊಳೆಯದಂತೆ ಗಟ್ಟಿಮಾಡುವ ಫಾರ್ಮಲಿನ್‌ಗಿಂತ ಮೊದಲೇ ಆಗಬೇಕು, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಎಡಮಗ್ಗುಲನ್ನು ಮುಟ್ಟಬೇಡಿ, ಅಳತೆಗೂ ಚಿತ್ರಕ್ಕೂ ಅದು ಇಡಿಯಾಗಿಯೇ ಬೇಕು.

ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಮೀನನ್ನು ತಟ್ಟೆಯಲ್ಲಿ ನೆಟ್ಟಗೆ ಮಲಗಿಸಿ, ರೆಕ್ಕೆಗಳನ್ನು ಸೂಜಿಯಿಂದ ಬಿಡಿಸಿ ಗಟ್ಟಿಯಾಗಲು ಬಿಡಿ. ಅವಸರದಲ್ಲಿ ಬಾಟಲಿಗೆ ತುರುಕಿದರೆ ಮೀನು ಬಾಗಿದಂತೆಯೇ ಗಟ್ಟಿಯಾಗುತ್ತದೆ, ಆಮೇಲೆ ಉದ್ದದ ಅಳತೆ ಎಂದೂ ಸರಿಬರುವುದಿಲ್ಲ. ಸಣ್ಣ ಮೀನಿಗೆ ಮೂರು ದಿನ ಸಾಕು. ಒಂದು ದಿನ ನೀರಿನಲ್ಲಿ ನೆನೆಸಿ 70 ಪ್ರತಿಶತ ಎಥನಾಲ್‌ಗೆ ವರ್ಗಾಯಿಸಿ. ಹಿಡಿದ ಜಾಗದ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ, ಊರಿನ ಹೆಸರಿಲ್ಲದ ಮೀನು ವಿಜ್ಞಾನಕ್ಕೆ ದಕ್ಕುವುದಿಲ್ಲ.

ಇಷ್ಟಾದರೂ ಅದು ಹೊಸತೆಂದು ಇನ್ನೂ ಗೊತ್ತಾಗಿಲ್ಲ. ಒಂದೇ ಮೀನಿನ ಮೇಲೆ ಪ್ರಭೇದ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಗಂಡು, ಹೆಣ್ಣು, ಮರಿ ಸೇರಿ ಹತ್ತಿಪ್ಪತ್ತಾದರೂ ಇರಲಿ. ಶಿಸ್ಟುರಾದ ಕೆಲವು ಪ್ರಭೇದಗಳಲ್ಲಿ ಗಂಡಿನ ಕಣ್ಣಿನ ಕೆಳಗೆ ಚರ್ಮದ ಮಡಿಕೆ ಇರುತ್ತದೆ, ಹೆಣ್ಣಿಗಿಲ್ಲ. ವಯಸ್ಸಿನೊಂದಿಗೆ ಪಟ್ಟೆಗಳೂ ಬದಲಾಗುತ್ತವೆ. ಇದನ್ನು ನೋಡದಿದ್ದರೆ ಒಂದೇ ಪ್ರಭೇದದ ಗಂಡು ಹೆಣ್ಣಿಗೆ ಎರಡು ಹೆಸರು ಬೀಳುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಾಲ್ಡೀವ್ಸ್‌ನಲ್ಲಿ 40ರಿಂದ 70 ಮೀಟರ್ ಆಳದ ಹವಳದ ದಿಬ್ಬಗಳಲ್ಲಿ ಬದುಕುವ ಗುಲಾಬಿ ಬಣ್ಣದ ಮೀನೊಂದನ್ನು ಬಹುಕಾಲ ಸಿರಿಲಾಬ್ರಸ್ ರುಬ್ರಿಸ್ಕ್ವಾಮಿಸ್ ಎಂಬ ಇನ್ನೊಂದು ಪ್ರಭೇದದ ಬೆಳೆದ ರೂಪ ಎಂದೇ ತಿಳಿದಿದ್ದರು. ಆ ಪ್ರಭೇದವನ್ನು ವಿವರಿಸಿದ್ದು ಹಿಂದೂ ಮಹಾಸಾಗರದ ದೂರದ ಚಾಗೋಸ್ ದ್ವೀಪಗಳ ಒಂದೇ ಒಂದು ಮರಿಮೀನಿನಿಂದ. ಬೆಳೆದವನ್ನೂ ಮರಿಗಳನ್ನೂ ಎದುರಿಗಿಟ್ಟು ಹುರುಪೆ, ಬಣ್ಣ, ಬೆನ್ನುರೆಕ್ಕೆಯ ಮುಳ್ಳು ಹೋಲಿಸಿದ ಮೇಲೆ 2022ರಲ್ಲಿ ಮಾಲ್ಡೀವ್ಸ್‌ನ ಮೀನು ಸಿರಿಲಾಬ್ರಸ್ ಫಿನಿಫೆನ್ಮಾ ಎಂಬ ಬೇರೆ ಪ್ರಭೇದವಾಯಿತು. ಫಿನಿಫೆನ್ಮಾ ಎಂದರೆ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಲ್ಲಿ ಗುಲಾಬಿ. ಮೇಲಕ್ಕೆ ತರುವಾಗ ಗಾಳಿಚೀಲ ಊದಿಕೊಳ್ಳುವ ತೊಂದರೆ ಆಳದ ಮೀನಿಗೆ ಇದೆ, ನಮ್ಮ ಹಳ್ಳದ ಮೀನಿಗಿಲ್ಲ. ಹೋಲಿಕೆಯ ಕೆಲಸ ಮಾತ್ರ ಎರಡು ಕಡೆಯೂ ಒಂದೇ.

ಹಾಗಾಗಿ ಪಕ್ಕದ ಕಣಿವೆಯ ಪ್ರಭೇದಗಳಿಗೆ ಹೆಸರಿಡುವಾಗ ಬಳಸಿದ ಮೂಲ ಮಾದರಿಗಳನ್ನು, ಆಗದಿದ್ದರೆ ಅದೇ ಜಾಗದಿಂದ ತಂದ ಮೀನುಗಳನ್ನು, ಕಣ್ಣಾರೆ ನೋಡಿ ಅಳೆಯಿರಿ. ಅಳೆಯುವ ಇಕ್ಕಳ, ಅಂದರೆ ಕ್ಯಾಲಿಪರ್, 0.1 ಮಿಲಿಮೀಟರ್‌ವರೆಗೆ ಓದಬೇಕು. ಮೂತಿಯಿಂದ ಬಾಲರೆಕ್ಕೆಯ ಬುಡದವರೆಗಿನ ಉದ್ದ ತೆಗೆದು, ತಲೆ, ಬಾಲದ ಬುಡದ ಎತ್ತರ ಮೊದಲಾದವನ್ನು ಅದರ ಶೇಕಡಾವಾರು ಬರೆಯಿರಿ. ಕಣ್ಣು ಮತ್ತು ಮೂತಿಯ ಅಳತೆ ತಲೆಯ ಉದ್ದದ ಶೇಕಡಾವಾರಾಗಲಿ. ರೆಕ್ಕೆಯ ಕಡ್ಡಿಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿ, ಕೊನೆಯ ಕಡ್ಡಿ ಬುಡದಿಂದಲೇ ಸೀಳಿದಾಗ ಅದನ್ನು ತಪ್ಪಾಗಿ ಎರಡೆಂದು ಎಣಿಸುವವರೇ ಹೆಚ್ಚು. ಡಿಎನ್‌ಎ ಜೊತೆಗಿರಲಿ, ಆದರೆ ಅಳತೆಗಳಿಗೆ ಅದು ಬದಲಿಯಲ್ಲ.

ಕೊನೆಗೆ ಒಂದು ಮೀನನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಮಾದರಿ, ಎಂದು ಆರಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಪ್ರಬಂಧದಲ್ಲಿ ಬರೆಯಬೇಕು. 1999ರ ನಂತರದ ಹೆಸರುಗಳಿಗೆ ಇದು ಕಡ್ಡಾಯ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೇ ಒಪ್ಪಿಸಬೇಕು. ಮನೆಯ ಕಪಾಟಿನಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಉಳಿದ ಬಾಟಲಿಯಲ್ಲಿ ಎಥನಾಲ್ ಆರಿಹೋದರೆ, ಮುಂದೆ ಹೋಲಿಸಲು ಬರುವವರಿಗೆ ಸಿಗುವುದು ಒಣಗಿದ ಹುರುಪೆ ಮಾತ್ರ.