ಟ್ರಸ್ ಸೇತುವೆ ನೋಡೋದಾದ್ರೆ ತಳ ನೋಡಿ

ಕುಡಚಿ–ಉಗಾರದ ನಡುವೆ ಇರಲಿ, ಆಲಮಟ್ಟಿ ಹತ್ತಿರ ಇರಲಿ, ರೈಲು ಕೃಷ್ಣೆ ದಾಟುವಾಗ ಕಿಟಕಿಯವರ ಕಣ್ಣೆಲ್ಲ ನೀರಿನ ಮೇಲೆ. ಟ್ರಸ್ ಸೇತುವೆಯಾದರೆ, ಅಂದರೆ ಕಬ್ಬಿಣದ ಪಟ್ಟಿಗಳನ್ನು ತ್ರಿಕೋನವಾಗಿ ಜೋಡಿಸಿ ಕಟ್ಟಿದ್ದಾದರೆ, ತಲೆ ಮೇಲಿನ ಕಬ್ಬಿಣವನ್ನೂ ನೋಡುತ್ತಾರೆ. ಆದರೆ ಟ್ರಸ್ ಕೆಡುವುದು ಸಾಮಾನ್ಯವಾಗಿ ಕೆಳಗಿನಿಂದ.

ಟ್ರಸ್ಸಿನ ಉದ್ದಕ್ಕೂ ಹೋಗುವ ತೊಲೆಗೆ ಕಾರ್ಡ್ ಅನ್ನುತ್ತಾರೆ. ಮೇಲಿನ ಕಾರ್ಡ್ ಒತ್ತಡ ಹೊರುತ್ತದೆ, ಕೆಳಗಿನದು ಎಳೆತ. ಮಳೆ ನೀರು, ಎರಿಮಣ್ಣಿನ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಬಂದು ಕೂರುವುದೂ ಕೆಳಗಿನದರ ಪೆಟ್ಟಿಗೆಯಲ್ಲೇ. ನೀರು ಬಸಿಯುವ ತೂತು ಕಟ್ಟಿಕೊಂಡರೆ ಜಂಗು ಒಳಗಿನಿಂದ ತಿನ್ನುತ್ತದೆ, ಹೊರಗಿನ ಅಲ್ಯೂಮಿನಿಯಂ ಬಣ್ಣ ಮಾತ್ರ ಥಳಥಳ. ಹಳೇ ಬೋಗಿಗಳ ಶೌಚಾಲಯದ ಹೊಲಸು ಸ್ಟ್ರಿಂಗರ್ (ಹಳಿ ಕೆಳಗೆ ಉದ್ದಕ್ಕೆ ಇರುವ ತೊಲೆ) ಮೇಲೆ ಬಿದ್ದು ಮಾಡಿದ ಹಾನಿಯೂ ಕಡಿಮೆಯಲ್ಲ. ಬಯೋ ಟಾಯ್ಲೆಟ್ ಬಂದದ್ದು ಪ್ರಯಾಣಿಕರಿಗಿಂತ ಸೇತುವೆಗೇ ದೊಡ್ಡ ಉಪಕಾರ!

ಇನ್ನು ಬೇರಿಂಗ್, ಅಂದರೆ ಗರ್ಡರ್ (ಕಂಬದಿಂದ ಕಂಬಕ್ಕೆ ಹಾಯುವ ಕಬ್ಬಿಣದ ಭಾಗ) ಕಂಬದ ಮೇಲೆ ಕೂರುವ ಆಸರೆ. ಗರ್ಡರಿನ ಒಂದು ತುದಿ ಕಟ್ಟಿಹಾಕಿದ್ದು, ಇನ್ನೊಂದು ರೋಲರ್ ಮೇಲೆ. ವಿಜಯಪುರದ ಬಿಸಿಲಿಗೆ ಕಬ್ಬಿಣ ಚಳಿಗಾಲದ ಮುಂಜಾವಿಗಿಂತ 40 ಡಿಗ್ರಿ ಹೆಚ್ಚು ಕಾದರೆ, 61 ಮೀಟರ್ ಗರ್ಡರ್ ಸುಮಾರು 29 ಮಿ.ಮೀ. ಹಿಗ್ಗುತ್ತದೆ, ಅಂದರೆ ಒಂದು ಇಂಚಿಗೂ ಮೇಲೆ. ಹಳೇ ಗ್ರೀಸು ಧೂಳು ಹಿಡಿದು ಗಟ್ಟಿಯಾಗಿ ರೋಲರ್ ಅಂಟಿಕೊಂಡರೆ ಆ ಬಲವೆಲ್ಲ ಕಂಬದ ನೆತ್ತಿಗೆ ಬೀಳುತ್ತದೆ. ಬೇರಿಂಗ್ ಕೆಳಗಿನ ದಿಮ್ಮಿ, ಅಂದರೆ ಬೆಡ್‌ಬ್ಲಾಕ್, ಬಿರುಕು ಬಿಟ್ಟಿದ್ದರೆ ಮೊದಲು ರೋಲರ್ ನೋಡಿ, ಆಮೇಲೆ ಸಿಮೆಂಟು ಬೈಯಿರಿ. ಮೂರು ವರ್ಷಕ್ಕೊಮ್ಮೆ ರೈಲು ನಿಲ್ಲಿಸಿ, ಜಾಕ್ ಕೊಟ್ಟು ಗರ್ಡರ್ ಎತ್ತಿ, ಕೆರೆದು ತಿಕ್ಕಿ, ಗ್ರಾಫೈಟ್ ಬೆರೆಸಿದ ಗ್ರೀಸ್ ಹಚ್ಚಬೇಕು.

ರಿವೆಟ್ (ಕಬ್ಬಿಣದ ತಟ್ಟೆಗಳನ್ನು ಬಿಗಿದು ಹಿಡಿಯುವ, ಎರಡೂ ಕಡೆ ತಲೆಯಿರುವ ಮೊಳೆ) ಪರೀಕ್ಷೆಗೆ ಬೇಕಾದ್ದು 110 ಗ್ರಾಂ ಸುತ್ತಿಗೆ, ಒಂದು ಬೆರಳು. ಎಡಗೈ ತೋರುಬೆರಳು ರಿವೆಟ್ ತಲೆಗೂ ತಟ್ಟೆಗೂ ಒಟ್ಟಿಗೆ ತಾಗಿರಲಿ. ಆಚೆ ತಲೆಗೆ ಸುತ್ತಿಗೆಯಿಂದ ತಟ್ಟಿ. ಬೆರಳಿಗೆ ಅದಿರಿದರೆ ಸಡಿಲ. ತಲೆ ಕೆಳಗೆ ಕೆಂಪು ಜಂಗಿನ ಗೆರೆ ಇಳಿದಿದ್ದರೆ ತಟ್ಟುವ ಮೊದಲೇ ಅನುಮಾನ ಬರಬೇಕು. ಸ್ಟ್ರಿಂಗರ್ ಮತ್ತು ಅದನ್ನು ಹೊರುವ ಅಡ್ಡ ತೊಲೆ, ಅಂದರೆ ಕ್ರಾಸ್ ಗರ್ಡರ್, ಕೂಡುವಲ್ಲಿ ಹೆಚ್ಚು ಹುಡುಕಿ. ರೈಲಿನ ಪ್ರತಿ ಗಾಲಿಯ ಏಟು ಮೊದಲು ಬೀಳುವುದು ಅಲ್ಲಿಗೆ. ಸಡಿಲವಾದದ್ದನ್ನು ಬದಲಿಸಿದ ಮೇಲೆ ಅಕ್ಕಪಕ್ಕದವನ್ನೂ ಮತ್ತೆ ತಟ್ಟಿ ನೋಡಿ, ಬಡಿತಕ್ಕೆ ಅವೂ ಸಡಿಲಾಗಿರಬಹುದು.

ಹಳಿ ಕೆಳಗಿನ ಅಡ್ಡ ದಿಮ್ಮಿಯನ್ನು, ಅಂದರೆ ಸ್ಲೀಪರನ್ನು, ಗರ್ಡರಿಗೆ ಕಚ್ಚಿ ಹಿಡಿಯುವ ಹುಕ್ ಬೋಲ್ಟಿನ ನೆತ್ತಿಯಲ್ಲಿ ಬಾಣದ ಗೀರು ಇರುತ್ತದೆ. ಅದು ಹಳಿಗೆ ಅಡ್ಡವಾಗಿರಬೇಕು. ಹಳಿಯ ಉದ್ದಕ್ಕೆ ತಿರುಗಿದ್ದರೆ, ನಟ್ ಎಷ್ಟೇ ಬಿಗಿಯಿರಲಿ, ಕೆಳಗೆ ಕೊಕ್ಕೆ ಏನನ್ನೂ ಹಿಡಿದಿಲ್ಲ.